ಇನ್ನೊಂದೇ ಒಂದು ಸಲ

2014ರ ಆರಂಭದಲ್ಲಿ ಜಗತ್ತಿನ ಕೋಟ್ಯಂತರ ಮೊಬೈಲ್‌ಗಳಲ್ಲಿ ಒಂದು ಪುಟ್ಟ ಹಕ್ಕಿ ಹಾರಿ ಹಾರಿ ಕೊಳವೆಗೆ ಬಡಿದು ಬೀಳುತ್ತಿತ್ತು. ಆಟದ ಹೆಸರು ಫ್ಲ್ಯಾಪಿ ಬರ್ಡ್. ಮಾಡಿದವರು ವಿಯೆಟ್ನಾಮಿನ ಹನೋಯ್‌ನ ಡಾಂಗ್ ನುಯೆನ್. ಪರದೆ ಮುಟ್ಟಿದರೆ ಹಕ್ಕಿ ರೆಕ್ಕೆ ಬಡಿದು ತುಸು ಮೇಲೇರುತ್ತದೆ, ಸುಮ್ಮನಿದ್ದರೆ ಕೆಳಗೆ ಜಾರುತ್ತದೆ. ಎದುರಿಗೆ ಬರುವ ಹಸಿರು ಕೊಳವೆಗಳ ನಡುವಿನ ಕಿಂಡಿ ದಾಟಿದರೆ ಒಂದು ಅಂಕ. ಕೊಳವೆ ತಾಗಿದರೆ ಆಟ ಮುಗಿಯಿತು, ಮತ್ತೆ ಸೊನ್ನೆಯಿಂದ ಶುರು. ಕಥೆಯಿಲ್ಲ, ಹಂತಗಳಿಲ್ಲ, ತಲುಪಬೇಕಾದ ಊರೂ ಇಲ್ಲ. ಹೊಸಬರು ಮೊದಲ ಕಿಂಡಿ ದಾಟುವುದೇ ದೊಡ್ಡ ಮಾತು. 2013ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದಿದ್ದ ಈ ಆಟ ಮರುವರ್ಷದ ಜನವರಿಯಲ್ಲಿ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಫೆಬ್ರವರಿಯಲ್ಲಿ ನುಯೆನ್ ತಾವಾಗಿಯೇ ಅದನ್ನು ಹಿಂತೆಗೆದುಕೊಂಡರು. ಜನರಿಗೆ ಅದು ಚಟವಾಗಿಬಿಟ್ಟಿದೆ ಎಂಬುದು ಅವರು ಕೊಟ್ಟ ಕಾರಣ.

ಚಟ ಎಂದಷ್ಟಕ್ಕೆ ಪ್ರಶ್ನೆ ತೀರುವುದಿಲ್ಲ. ಯಾವುದರ ಚಟ? ಗೆಲುವಿನದ್ದು ಎನ್ನೋಣವೆಂದರೆ ಈ ಆಟದಲ್ಲಿ ಗೆಲುವೆಂಬುದೇ ಇಲ್ಲ. ಪ್ರತಿ ಸಲವೂ ಹಕ್ಕಿ ಸಾಯುವುದರಲ್ಲೇ ಮುಗಿಯುತ್ತದೆ. ಹಣ ಬರುವುದಿಲ್ಲ, ಹೆಸರು ಬರುವುದಿಲ್ಲ. ನೋಕಿಯಾ ಫೋನಿನ ಹಾವಿನ ಆಟ ಆಡಿದವರಿಗೂ ಇದೇ ಒಗಟು ಎದುರಾಗಿದೆ: ಹಾವು ತನ್ನ ಬಾಲಕ್ಕೆ ತಾನೇ ಬಡಿದು ಸತ್ತ ಮರುಕ್ಷಣ ಬೆರಳು ಮತ್ತೆ ಗುಂಡಿ ಒತ್ತಿರುತ್ತಿತ್ತು. ಸೋಲನ್ನು ಯಾರೂ ಬಯಸುವುದಿಲ್ಲ ಎಂದು ನಂಬಿರುವ ನಾವು ಇದನ್ನು ಹೇಗೆ ವಿವರಿಸಬೇಕು? ನಲವತ್ತು ವರ್ಷಗಳಿಂದ ಮನಶ್ಶಾಸ್ತ್ರಜ್ಞರೂ ಆಟದ ವಿನ್ಯಾಸಕಾರರೂ ಇದನ್ನು ಪ್ರಯೋಗಗಳ ಮೂಲಕ ಬಿಡಿಸಲು ಹೆಣಗಿದ್ದಾರೆ. ಅವರ ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಉತ್ತರ ಮೂಡುತ್ತದೆಂದು ನನ್ನ ನಂಬಿಕೆ. ಆಟಗಾರನನ್ನು ಹಿಡಿದಿಡುವುದು ತನ್ನದೇ ತಪ್ಪು ತನ್ನ ಕಣ್ಣೆದುರೇ ಕಿರಿದಾಗುತ್ತಿರುವ ಅನುಭವ. ಗೆಲುವು, ಕಷ್ಟ, ಬಹುಮಾನ ಎಲ್ಲವೂ ಅದರ ನಂತರ.

ಹದವಾದ ಕಷ್ಟ ಎಂಬ ಹಳೆಯ ಉತ್ತರ

ಮೊದಲ ಗಂಭೀರ ಪ್ರಯತ್ನ 1980ರದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಮಲೋನ್ ತಮ್ಮ ಡಾಕ್ಟರೇಟ್‌ಗಾಗಿ ಒಂದು ಸರಳ ಪ್ರಶ್ನೆ ಎತ್ತಿಕೊಂಡರು: ಕಂಪ್ಯೂಟರ್ ಆಟಗಳಲ್ಲಿ ಮಜಾ ಇರುವುದೆಲ್ಲಿ? ಆಗ ಮನೆಮಾತಾಗಿದ್ದ ಅಟಾರಿ ಕಂಪನಿಯ ಬ್ರೇಕ್‌ಔಟ್ ಎಂಬ ಆಟವನ್ನು ಅವರು ಬಿಡಿಬಿಡಿಯಾಗಿ ಕಳಚಿದರು. ಚೆಂಡು ಬಡಿದು ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಉದುರಿಸುವ ಆಟವದು. ಒಂದು ಆವೃತ್ತಿಯಲ್ಲಿ ಸ್ಕೋರ್ ತೆಗೆದರು, ಇನ್ನೊಂದರಲ್ಲಿ ಇಟ್ಟಿಗೆ ಉದುರದಂತೆ ಮಾಡಿದರು. ಇಟ್ಟಿಗೆ ಉದುರುವುದೇ ಆಟದ ಜೀವಾಳವೆಂದು ತಿಳಿದುಬಂತು. ಅರ್ಧ ಬಿದ್ದ ಗೋಡೆ ಒಂದೇ ನೋಟಕ್ಕೆ ಎರಡು ಸಂಗತಿ ಹೇಳುತ್ತದೆ, ಎಷ್ಟು ಆಯಿತು ಮತ್ತು ಎಷ್ಟು ಉಳಿಯಿತು. ಮಲೋನ್ ಇದನ್ನು ಸವಾಲು ಎಂಬ ದೊಡ್ಡ ತಲೆಬರಹದ ಅಡಿಗೆ ಸೇರಿಸಿದರು. ಮಾಡಿದ್ದು ಕಣ್ಣಿಗೆ ಕಾಣುವುದು ಎಂಬ ಸೂಕ್ಷ್ಮ ಅದರಲ್ಲಿ ಅಡಗಿತ್ತು. ಮುಂದಿನ ಹಲವು ವರ್ಷ ಅದರ ಕಡೆಗೆ ಹೆಚ್ಚಿನವರ ಗಮನ ಹೋಗಲಿಲ್ಲ.

ಗಮನ ಸೆಳೆದದ್ದು ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅವರ ತಲ್ಲೀನತೆಯ ಸಿದ್ಧಾಂತ. ಬಂಡೆ ಏರುವವರು, ಚದುರಂಗ ಆಡುವವರು, ಶಸ್ತ್ರಚಿಕಿತ್ಸಕರು, ನರ್ತಕರು ಇವರನ್ನೆಲ್ಲ ಮಾತಾಡಿಸಿ 1975ರಲ್ಲಿ ಅವರು ಬರೆದ ಪುಸ್ತಕದ ಸಾರ ಇಷ್ಟು: ಕೆಲಸ ಸಾಮರ್ಥ್ಯಕ್ಕಿಂತ ಕಠಿಣವಾದರೆ ಆತಂಕ, ಸುಲಭವಾದರೆ ಬೇಸರ, ಎರಡೂ ಸರಿತೂಗಿದಾಗ ಹೊತ್ತಿನ ಪರಿವೆಯೇ ಇಲ್ಲದ ತಲ್ಲೀನತೆ. ಆಟ ಮಾಡುವವರಿಗೆ ಇದು ಸೂತ್ರದಂತೆ ಒದಗಿತು. ಜೆನೋವಾ ಚೆನ್ ಎಂಬ ವಿದ್ಯಾರ್ಥಿ 2006ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಇದರ ಮೇಲೆಯೇ ಪ್ರಬಂಧ ಬರೆದು, ಜೊತೆಗೊಂದು ಆಟವನ್ನೂ ಮಾಡಿದರು. ತೀರಾ ಕಷ್ಟವೂ ಅಲ್ಲದ ತೀರಾ ಸುಲಭವೂ ಅಲ್ಲದ ನಡುದಾರಿ ಹಿಡಿಯಿರಿ ಎಂಬುದು ವಿನ್ಯಾಸಕಾರರ ಮೊದಲ ಪಾಠವಾಯಿತು. ಆದರೆ ಫ್ಲ್ಯಾಪಿ ಬರ್ಡ್ ಎದುರು ಈ ಸೂತ್ರ ತಡವರಿಸುತ್ತದೆ. ಹೊಸಬರಿಗೆ ಆ ಆಟ ಯಾವ ಅಳತೆಯಲ್ಲೂ ಹದವಲ್ಲ, ವಿಪರೀತ ಕಷ್ಟ.

ಸುಲಭವೇ ಗೆದ್ದ ಪ್ರಯೋಗ

ಸೂತ್ರಕ್ಕೆ ಬಲವಾದ ಪೆಟ್ಟು ಬಿದ್ದದ್ದು ಇನ್ನೊಂದು ದಿಕ್ಕಿನಿಂದ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೆರೆಕ್ ಲೋಮಸ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಒಂದು ಗಣಿತದ ಆಟ ಮಾಡಿದ್ದರು. ಸಂಖ್ಯಾರೇಖೆಯ ಮೇಲೆ ಅಡಗಿದ ಹಡಗು ಎಲ್ಲಿದೆಯೆಂದು ಸಂಖ್ಯೆ ಅಥವಾ ಭಿನ್ನರಾಶಿ ನೋಡಿ ಅಂದಾಜಿಸಿ ಹೊಡೆಯಬೇಕು. ಶಾಲೆಯ ಬಲವಂತವಿಲ್ಲದೆ ಇಂಟರ್ನೆಟ್‌ನಲ್ಲಿ ಇಷ್ಟಪಟ್ಟು ಬಂದು ಆಡುವ ಸಾವಿರಾರು ಆಟಗಾರರಿಗೆ ಅವರು ಕಷ್ಟದ ಮಟ್ಟವನ್ನು ಚೀಟಿ ಎತ್ತಿದಂತೆ ಹಂಚಿದರು. ಹಳೆಯ ಸಿದ್ಧಾಂತದ ಪ್ರಕಾರ ನಡುಮಟ್ಟ ಸಿಕ್ಕವರು ಹೆಚ್ಚು ಹೊತ್ತು ಆಡಬೇಕಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಇತ್ತು. ಆಟ ಸುಲಭವಾದಷ್ಟೂ ಹೆಚ್ಚು ಹೊತ್ತು ಆಡಿದರು. ತಂಡ ಮತ್ತೆ ಪರೀಕ್ಷಿಸಿತು. 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಹಂಚಿಕೊಟ್ಟಾಗ ಸುಲಭದ್ದೇ ಮೇಲುಗೈ. ಒಂದೇ ಒಂದು ಸಂದರ್ಭದಲ್ಲಿ ಮಾತ್ರ ನಡುಮಟ್ಟದ ಕಷ್ಟ ಗೆದ್ದಿತು: ಕಷ್ಟದ ಮಟ್ಟವನ್ನು ಆಟಗಾರರು ತಾವೇ ಆರಿಸಿಕೊಂಡಾಗ.

ನನ್ನ ವಾದಕ್ಕೆ ಇದು ತೊಡಕಲ್ಲವೇ ಎಂದು ಓದುಗರು ಕೇಳಬಹುದು. ಜನರಿಗೆ ಸುಲಭ ಗೆಲುವೇ ಹಿತವೆಂದಾದರೆ ಸೋಲಿನ ಸುತ್ತ ಇಷ್ಟೊಂದು ಮಾತೇಕೆ? ಆಕ್ಷೇಪ ನ್ಯಾಯವಾದದ್ದೇ. ಆದರೆ ಆರಿಸಿಕೊಂಡ ಕಷ್ಟ ಮತ್ತು ಹೇರಿದ ಕಷ್ಟ ಅಳತೆಯಲ್ಲಿ ಒಂದೇ ಆಗಿದ್ದರೂ ಬೇರೆ ಬೇರೆ ಪರಿಣಾಮ ಬೀರಿದವು ಎಂಬುದನ್ನು ಗಮನಿಸಬೇಕು. ಹಾಗಿದ್ದರೆ ಕಷ್ಟದ ಪ್ರಮಾಣವೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ. ಸೋಲಿನೊಂದಿಗೆ ಆಟಗಾರನ ಸಂಬಂಧ ಎಂಥದ್ದು ಎಂಬುದು ತೀರ್ಮಾನಿಸುತ್ತದೆ. ಆ ಸಂಬಂಧವನ್ನು ಹತ್ತಿರದಿಂದ ನೋಡಲು ಫಿನ್ಲೆಂಡಿಗೆ ಹೋಗಬೇಕು.

ಬಿದ್ದಾಗ ಅರಳಿದ ಮುಖ

ಹೆಲ್ಸಿಂಕಿಯಲ್ಲಿ ನಿಕ್ಲಾಸ್ ರವಾಯಾ ಮತ್ತು ತಂಡದವರು ಆಟಗಾರರ ಅಭಿಪ್ರಾಯ ಕೇಳುವ ಬದಲು ಮುಖದ ಸ್ನಾಯುಗಳನ್ನೇ ಅಳೆದರು. ನಗುವಾಗ ಕೆನ್ನೆಯ ಒಂದು ಸ್ನಾಯು ಬಿಗಿಯುತ್ತದೆ, ಹುಬ್ಬು ಗಂಟಿಕ್ಕುವಾಗ ಇನ್ನೊಂದು. ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆಯನ್ನೂ ಚರ್ಮದ ಮೇಲಿಟ್ಟ ವಿದ್ಯುತ್ ಬಿಲ್ಲೆಗಳು ಹಿಡಿಯಬಲ್ಲವು. ಆಡಿಸಿದ್ದು ಸೂಪರ್ ಮಂಕಿ ಬಾಲ್ 2: ಪಾರದರ್ಶಕ ಚೆಂಡಿನೊಳಗೆ ಕೂತ ಕೋತಿಯನ್ನು ಇಕ್ಕಟ್ಟಾದ ಹಾದಿಗಳ ಮೇಲೆ ಬೀಳದಂತೆ ಉರುಳಿಸಿಕೊಂಡು ಹೋಗುವ ಆಟ. ಬಾಳೆಹಣ್ಣು ಸಿಕ್ಕಾಗ, ಗುರಿ ಮುಟ್ಟಿದಾಗ ನಗುವಿನ ಸ್ನಾಯು ಚುರುಕಾದದ್ದು ಸಹಜವೇ. ಆದರೆ ಕೋತಿ ಅಂಚಿನಿಂದ ಜಾರಿ ಬಿದ್ದಾಗಲೂ ಅದೇ ಸ್ನಾಯು ಚುರುಕಾಯಿತು. ಕೂಡಲೇ ಆಟ ಆ ಬೀಳುವಿಕೆಯನ್ನು ಮರುಪ್ರದರ್ಶನ ಮಾಡಿ ತೋರಿಸುತ್ತದೆ. ಆಗ ಆಟಗಾರ ಸುಮ್ಮನೆ ನೋಡಬೇಕಷ್ಟೆ. ಆ ಗಳಿಗೆಯಲ್ಲಿ ಸಂತೋಷದ ಗುರುತು ಅಳಿದುಹೋಯಿತು.

ಸ್ನಾಯು ಬಿಗಿದದ್ದನ್ನೆಲ್ಲ ಸಂತೋಷವೆಂದು ಓದಬಾರದು. ಬಿದ್ದಾಗ ಸುಮ್ಮನೆ ನಗು ಬಂದಿರಬಹುದು, ಒತ್ತಡ ಕಳೆದ ನಿರಾಳವೂ ಇರಬಹುದು. ಆದರೆ ಅದೇ ಬೀಳುವಿಕೆ, ಅದೇ ಕೋತಿ, ಕೆಲವೇ ಸೆಕೆಂಡುಗಳ ಅಂತರ. ಬದಲಾದದ್ದು ಆಟಗಾರನ ಕೈ ನಿಯಂತ್ರಣದ ಮೇಲಿತ್ತೋ ಇಲ್ಲವೋ ಎಂಬುದು ಮಾತ್ರ. ಡೆನ್ಮಾರ್ಕಿನ ಯೆಸ್ಪರ್ ಯೂಲ್ ಇನ್ನೊಂದು ಬಗೆಯಲ್ಲಿ ಇದೇ ಜಾಗ ತಲುಪಿದರು. ಆಟಗಾರರಿಂದ ಹೊಸದೊಂದು ಆಟ ಆಡಿಸಿ ಅಂಕ ಕೇಳಿದಾಗ, ಒಮ್ಮೆಯೂ ಎಡವದೆ ಮುಗಿಸಿದವರಿಗಿಂತ ಒಂದಿಷ್ಟು ಸೋತು ಆಮೇಲೆ ಮುಗಿಸಿದವರು ಆಟವನ್ನು ಹೆಚ್ಚು ಮೆಚ್ಚಿದ್ದರು. ತಪ್ಪು ತಮ್ಮದೇ ಎಂದು ಅನಿಸಬೇಕು, ಹಾಗನಿಸಿದಾಗ ಆಟ ರುಚಿಸುತ್ತದೆ ಎಂಬುದು ಯೂಲ್ 2009ರಲ್ಲಿ ಮಂಡಿಸಿದ ವಾದ.

ಮಿದುಳು ಇಡುವ ಎರಡು ಲೆಕ್ಕ

ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸುರಿದರೆ ಸುಖ, ಆಟ ಅದನ್ನು ಸುರಿಸುತ್ತದೆ, ಆದ್ದರಿಂದ ಚಟ ಎಂಬ ವಿವರಣೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳಲ್ಲಿ ಕಂಡದ್ದು ಇದಕ್ಕಿಂತ ಕುತೂಹಲಕರವಾಗಿತ್ತು. ದೀಪ ಹೊತ್ತಿದ ಮೇಲೆ ಹಣ್ಣಿನ ರಸ ಕೊಡುತ್ತ ಹೋದರೆ, ಮೊದಮೊದಲು ರಸ ಸಿಕ್ಕಾಗ ಡೋಪಮಿನ್ ನರಕೋಶಗಳು ಚುರುಕಾಗುತ್ತವೆ. ಪಾಠ ಗಟ್ಟಿಯಾದ ಮೇಲೆ ರಸ ಸಿಕ್ಕರೂ ಅವು ಸುಮ್ಮನಿರುತ್ತವೆ, ದೀಪ ಹೊತ್ತಿದಾಗಲೇ ಎಚ್ಚರಗೊಳ್ಳುತ್ತವೆ. ದೀಪ ಹೊತ್ತಿಯೂ ರಸ ಬಾರದಿದ್ದರೆ, ಬರಬೇಕಿದ್ದ ಗಳಿಗೆಯಲ್ಲಿ ಅವುಗಳ ಸದ್ದು ಇಳಿಯುತ್ತದೆ. 1997ರಲ್ಲಿ ಶುಲ್ಟ್ಸ್ ಮತ್ತು ಸಂಗಡಿಗರು ಇದನ್ನು ಹೀಗೆ ಅರ್ಥೈಸಿದರು: ಈ ಕೋಶಗಳು ಲೆಕ್ಕ ಇಡುವುದು ಸುಖದ್ದಲ್ಲ, ಎಣಿಸಿದ್ದಕ್ಕೂ ಆದದ್ದಕ್ಕೂ ಇರುವ ಅಂತರದ್ದು. ಎಣಿಕೆ ಮೀರಿ ಒಳ್ಳೆಯದಾದರೆ ಏರಿಕೆ, ಎಣಿಸಿದಷ್ಟೇ ಆದರೆ ಮೌನ, ಕಡಿಮೆಯಾದರೆ ಇಳಿಕೆ.

ಇದೊಂದು ಲೆಕ್ಕದಿಂದಲೇ ಫ್ಲ್ಯಾಪಿ ಬರ್ಡ್ ಬಿಡಿಸಲಾಗದು. ಪ್ರತಿ ಸೋಲೂ ಇಳಿಕೆಯೇ ಆಗಿದ್ದರೆ ಆಟಗಾರ ಬೇಗ ಎದ್ದು ಹೋಗಬೇಕಿತ್ತು. ಅದರ ಮೇಲೆ ಇನ್ನೊಂದು ಲೆಕ್ಕವಿದೆ ಎಂಬುದು ಫ್ರಾನ್ಸಿನ ಪಿಯೆರ್-ಈವ್ ಊದೆಯೇ ಮತ್ತು ಅಮೆರಿಕದ ಜಾಕ್ವೆಲೀನ್ ಗಾಟ್ಲೀಬ್ ಮೊದಲಾದವರ ವಿಚಾರ. ಅಂತರ ಎಷ್ಟಿದೆ ಎಂಬುದರ ಜೊತೆಗೆ, ಅಂತರ ಎಷ್ಟು ಬೇಗ ಕುಗ್ಗುತ್ತಿದೆ ಎಂಬುದನ್ನೂ ನಾವು ಗಮನಿಸುತ್ತಿರುತ್ತೇವೆ. ಇದನ್ನು ಕಲಿಕೆಯ ವೇಗ ಎನ್ನೋಣ. 2021ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 382 ಮಂದಿಗೆ ನಾಲ್ಕು ಚಟುವಟಿಕೆಗಳನ್ನು ಕೊಟ್ಟು ಇಷ್ಟ ಬಂದದ್ದನ್ನು ಆಡಲು ಬಿಡಲಾಯಿತು. ಯಾವ ಪುಟ್ಟ ರಾಕ್ಷಸನಿಗೆ ಯಾವ ತಿಂಡಿ ಇಷ್ಟ ಎಂದು ಊಹಿಸುವ ಆಟ. ಒಂದು ಗುಂಪಿನ ನಿಯಮ ಸುಲಭ, ಇನ್ನೊಂದರದ್ದು ಕ್ಲಿಷ್ಟ. ಒಂದಕ್ಕಂತೂ ನಿಯಮವೇ ಇಲ್ಲ, ಎಲ್ಲ ಅಡ್ಡಾದಿಡ್ಡಿ. ಜನ ಆರಿಸಿಕೊಂಡದ್ದರಲ್ಲಿ ಎರಡು ಸೆಳೆತ ಕಂಡವು. ಎಷ್ಟು ಸರಿ ಉತ್ತರ ಬರುತ್ತಿದೆ ಎಂಬುದು ಒಂದು. ಅದು ಬದಲಾಗುತ್ತಿರುವ ವೇಗ ಇನ್ನೊಂದು. ಈ ಎರಡನೆಯದಕ್ಕೆ ಕಿವಿಗೊಟ್ಟವರು ಸುಲಭದ್ದರಲ್ಲಿ ನಿಂತುಬಿಡದೆ ಹೆಚ್ಚು ವಿಸ್ತಾರವಾಗಿ ಕಲಿತರು.

ಕುಂಟಾಬಿಲ್ಲೆ ಆಡುವ ಮಗುವಿನಲ್ಲಿ ಈ ಎರಡನೆಯ ಲೆಕ್ಕ ಬಿಡಿಯಾಗಿ ಕಾಣುತ್ತದೆ. ಗೆರೆ ತುಳಿದರೆ ಔಟ್. ತುಳಿದದ್ದು ಹಿಮ್ಮಡಿಯೋ ಹೆಬ್ಬೆರಳೋ ಎಂಬುದು ಕಾಲಿಗೇ ಗೊತ್ತು, ಯಾರೂ ವಿವರಿಸಬೇಕಿಲ್ಲ. ಮುಂದಿನ ಸರದಿಯಲ್ಲಿ ಮಗು ಅಷ್ಟನ್ನೇ ತಿದ್ದಿಕೊಂಡು ಜಿಗಿಯುತ್ತದೆ. ಮನೆಗಳ ಅಳತೆ ಬದಲಾಗಿಲ್ಲ, ನಿಯಮ ಬದಲಾಗಿಲ್ಲ, ಹಾಗಾಗಿ ಈ ಸಲ ಗೆರೆ ತಪ್ಪಿತೆಂದರೆ ಬದಲಾದದ್ದು ತಾನೇ ಎಂದು ಮಗುವಿಗೆ ತಿಳಿಯುತ್ತದೆ. ಫ್ಲ್ಯಾಪಿ ಬರ್ಡ್‌ನಲ್ಲೂ ಹೀಗೆಯೇ. ಕಿಂಡಿಯ ಎತ್ತರ ಬದಲಾಗುತ್ತದೆ, ಹಕ್ಕಿಯ ವೇಗವಾಗಲಿ ಬೀಳುವ ರೀತಿಯಾಗಲಿ ಎಂದೂ ಬದಲಾಗುವುದಿಲ್ಲ. ಬೆರಳು ತಡವಾಯಿತೋ ಮುಂಚೆಯಾಯಿತೋ ಎಂಬುದು ಬಡಿದ ಜಾಗದಲ್ಲೇ ಬರೆದಿದೆ. ಮತ್ತೆ ಶುರುಮಾಡಲು ಬೇಕಾದದ್ದು ಕಣ್ಣೆವೆಯಷ್ಟು ಹೊತ್ತು, ಆದ್ದರಿಂದ ತಿದ್ದುಪಡಿ ಬಿಸಿ ಆರುವ ಮುನ್ನವೇ ಪರೀಕ್ಷೆಗೊಳಗಾಗುತ್ತದೆ. ಎರಡು ಅಂಕ ಮೂರಾದಾಗ ಆಟಗಾರ ಕಾಣುವುದು ತನ್ನ ತಪ್ಪು ಒಂದು ಕಿಂಡಿಯಷ್ಟು ಹಿಂದೆ ಸರಿದದ್ದನ್ನು.

ತಪ್ಪು ಯಾರದು?

ಲೋಮಸ್ ತಂಡದ ಒಗಟಿಗೆ ಈಗ ಮರಳಬಹುದು. ಜಪಾನಿನ ಸಂಶೋಧಕ ಕೋ ಮುರಯಾಮ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಕೀಲಿ. ಓಡುವ ಸ್ಟಾಪ್‌ವಾಚನ್ನು ಸರಿಯಾಗಿ 5 ಸೆಕೆಂಡಿಗೆ ನಿಲ್ಲಿಸುವ ಆಟ. ಯಾವ ಚಿತ್ತಾರದ ವಾಚು ಬೇಕೆಂದು ಕೆಲವು ಸಲ ಆಟಗಾರನೇ ಆರಿಸುತ್ತಾನೆ, ಕೆಲವು ಸಲ ಕಂಪ್ಯೂಟರ್ ಕೊಡುತ್ತದೆ. ವಾಚಿನ ಬಣ್ಣ ಬೇರೆಯಾದ ಮಾತ್ರಕ್ಕೆ ಆಟದ ಕಷ್ಟವೇನೂ ಕಡಿಮೆಯಾಗುವುದಿಲ್ಲ. ಆದರೂ ತಾನೇ ಆರಿಸಿದಾಗ ಆಟ ಸುಧಾರಿಸಿತು. ಹಣೆಯ ಹಿಂದೆ ತಳಭಾಗದಲ್ಲಿರುವ, ಒಳಿತು ಕೆಡುಕಿನ ಬೆಲೆ ಕಟ್ಟುವ ಮಿದುಳಿನ ಪ್ರದೇಶವನ್ನು ನೋಡಿದರೆ, ಕೊಟ್ಟ ವಾಚಿನಲ್ಲಿ ಸೋತಾಗ ಅದರ ಚಟುವಟಿಕೆ ಕುಸಿಯಿತು. ಆರಿಸಿಕೊಂಡ ವಾಚಿನಲ್ಲಿ ಸೋತಾಗ ಕುಸಿಯಲಿಲ್ಲ. ನಾನೇ ಆರಿಸಿದ್ದರಲ್ಲಿ ಆದ ತಪ್ಪು ಮುಂದಿನ ಸಲಕ್ಕೆ ಒದಗುವ ಮಾಹಿತಿ. ಹೇರಿದ್ದರಲ್ಲಿ ಆದ ತಪ್ಪು ಬರೀ ನಷ್ಟ. ಲೋಮಸ್ ಆಟದಲ್ಲಿ ಕಷ್ಟದ ಚೀಟಿ ಬಂದ ಮಕ್ಕಳು ಬೇಗ ಬಿಟ್ಟದ್ದಕ್ಕೂ, ಕಷ್ಟವನ್ನು ತಾವೇ ಕೇಳಿ ಪಡೆದವರು ನಿಂತದ್ದಕ್ಕೂ ಇದೇ ಕಾರಣವೆಂದು ನನ್ನ ಓದು.

ಸೋಲು ತನ್ನದಾಗದಿದ್ದರೆ ಬೇಸರವಷ್ಟೇ ಅಲ್ಲ, ಸಿಟ್ಟೂ ಹುಟ್ಟುತ್ತದೆ. ಆಕ್ಸ್‌ಫರ್ಡ್‌ನ ಆ್ಯಂಡ್ರೂ ಶಿಬಿಲ್ಸ್ಕಿ ಮತ್ತು ಅಮೆರಿಕದ ರಿಚರ್ಡ್ ರಯಾನ್ ಮೊದಲಾದವರು 2014ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳಲ್ಲಿ ಒಂದು ಹೀಗಿತ್ತು. ವಿದ್ಯಾರ್ಥಿಗಳು ಮೊದಲು ಕೊರೆಯುವ ತಣ್ಣೀರಿನಲ್ಲಿ ಕೈಯಿಟ್ಟರು. ಆಮೇಲೆ ಕೆಲವರು ಸುಲಭವಾದ, ಕೆಲವರು ಕೈಗೇ ಹತ್ತದ ಟೆಟ್ರಿಸ್ ಆಡಿದರು. ಕೊನೆಗೆ, ಮುಂದೆ ಬರುವವರು ಎಷ್ಟು ಹೊತ್ತು ತಣ್ಣೀರಿನಲ್ಲಿ ಕೈ ಇಡಬೇಕೆಂದು ಅವರೇ ನಿರ್ಧರಿಸಬೇಕಿತ್ತು. ಕಠಿಣ ಟೆಟ್ರಿಸ್ ಆಡಿ ಬಂದವರು ಹೆಚ್ಚು ಹೊತ್ತಿನ ಶಿಕ್ಷೆ ವಿಧಿಸಿದರು. ಟೆಟ್ರಿಸ್‌ನಲ್ಲಿ ರಕ್ತವಿಲ್ಲ, ಬಂದೂಕಿಲ್ಲ, ಬೀಳುವ ತುಂಡುಗಳಷ್ಟೇ. ಆಟಗಳಲ್ಲಿನ ಹಿಂಸೆಯ ಬಗ್ಗೆ ಚರ್ಚೆಗಳು ನಡೆಯುವಾಗ ಈ ಫಲಿತಾಂಶಕ್ಕೆ ಇನ್ನೂ ಹೆಚ್ಚಿನ ಜಾಗ ಸಿಗಬೇಕು. ಏನೂ ಕಲಿಸದ ಸೋಲು ಮನುಷ್ಯನನ್ನು ಕೆರಳಿಸುತ್ತದೆ.

ಕೂದಲೆಳೆಯ ಸೋಲು

ಈ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಜೂಜಿನ ಯಂತ್ರದ್ದು. ಅಲ್ಲಿ ಕಲಿಯಲು ಏನೂ ಇಲ್ಲ, ತಿದ್ದಿಕೊಳ್ಳಲು ಏನೂ ಇಲ್ಲ, ಆದರೂ ಜನ ಸೋತು ಸೋತು ಮತ್ತೆ ಹಿಡಿ ಎಳೆಯುತ್ತಾರೆ. ಕಲಿಕೆಯ ವೇಗವೇ ಸೆಳೆತವಾಗಿದ್ದರೆ ಈ ಯಂತ್ರ ಯಾರನ್ನೂ ಹಿಡಿದಿಡಬಾರದಿತ್ತು. ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ ಎಂದುಕೊಂಡಿದ್ದೇನೆ. ಎರಡು ಗಾಲಿಗಳ ಸರಳ ಯಂತ್ರ. ಬೇಕಾದ ಚಿಹ್ನೆ ಒಂದೇ ಮನೆಯ ಅಂತರದಲ್ಲಿ ತಪ್ಪಿದರೆ ಅದು ಕೂದಲೆಳೆಯ ಸೋಲು. ಇಂಥ ಸೋಲು ಪೂರಾ ಸೋಲಿಗಿಂತ ಕಹಿ ಎಂದೇ ಆಡಿದವರು ಹೇಳಿದರು. ಆದರೂ ಅದರ ನಂತರ ಆಡುವ ಆಸೆ ಹೆಚ್ಚಿತು, ಮತ್ತು ಗೆದ್ದಾಗ ಎಚ್ಚರಗೊಳ್ಳುವ ಮಿದುಳಿನ ಭಾಗಗಳು ಆಗಲೂ ಎಚ್ಚರಗೊಂಡವು. ಆಸೆ ಹೆಚ್ಚಿದ್ದು ಮಾತ್ರ ಆಟಗಾರ ತನ್ನ ಚಿಹ್ನೆಯನ್ನು ತಾನೇ ಆರಿಸಿದ್ದಾಗ. ಕಂಪ್ಯೂಟರ್ ಆರಿಸಿದ್ದಾಗ ಹಾಗಾಗಲಿಲ್ಲ.

ಮುರಯಾಮರ ಸ್ಟಾಪ್‌ವಾಚಿನಲ್ಲೂ ಇದೇ ಕೀಲಿ ಇತ್ತು. ಕೈಚಳಕದ ಕೆಲಸದಲ್ಲಿ ಕೂದಲೆಳೆಯಲ್ಲಿ ತಪ್ಪುವುದು ನಿಜಕ್ಕೂ ಶುಭಸೂಚನೆ. ಬಾಣ ಗುರಿಯ ಹತ್ತಿರ ಬಿದ್ದಿತೆಂದರೆ ಅಭ್ಯಾಸ ಫಲ ಕೊಡುತ್ತಿದೆ, ಇನ್ನೊಂದು ಹೂಡು ಎಂದರ್ಥ. ಸಾವಿರಾರು ತಲೆಮಾರುಗಳಿಂದ ಕಲ್ಲೆಸೆದು, ಬಾಣ ಹೂಡಿ ಬದುಕಿದ ಪ್ರಾಣಿಗೆ ಈ ಸೂಚನೆಯನ್ನು ನಂಬುವುದು ಲಾಭದಾಯಕವೇ. ಜೂಜಿನ ಯಂತ್ರ ಆ ಸೂಚನೆಯ ಹೊರರೂಪವನ್ನಷ್ಟೇ ನಕಲು ಮಾಡುತ್ತದೆ: ಆರಿಸಲು ಬಿಟ್ಟು ತಪ್ಪು ನಿನ್ನದೇ ಎನಿಸುತ್ತದೆ, ಹತ್ತಿರದಲ್ಲಿ ನಿಲ್ಲಿಸಿ ತಪ್ಪು ಕುಗ್ಗುತ್ತಿದೆ ಎನಿಸುತ್ತದೆ. ಎರಡೂ ಸುಳ್ಳು. ಹಾಗಾಗಿ ಈ ಆಕ್ಷೇಪ ವಾದವನ್ನು ಮುರಿಯುವ ಬದಲು ಗಟ್ಟಿಮಾಡುತ್ತದೆ. ನಕಲಿ ನಾಣ್ಯ ಚಲಾವಣೆಯಾಗುವುದು ಅಸಲಿಗೆ ಬೆಲೆಯಿರುವುದರಿಂದ.

ಮೊಬೈಲ್ ಆಟಗಳು ಈ ಅಸಲಿ ನಕಲಿಗಳ ನಡುವೆ ಹರಡಿಕೊಂಡಿವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಮೈಕ್ ಡಿಕ್ಸನ್ ಅವರ ತಂಡ ಕ್ಯಾಂಡಿ ಕ್ರಶ್ ಆಡುವವರ ಎದೆಬಡಿತ ಅಳೆದು ನೋಡಿದಾಗ, ಇನ್ನೇನು ಲೆವೆಲ್ ಮುಗಿಯಿತು ಎನ್ನುವಲ್ಲಿ ಸೋತದ್ದೇ ಎಲ್ಲಕ್ಕಿಂತ ಹೆಚ್ಚು ಹತಾಶೆ ತಂದದ್ದು, ಮುಂದೆ ಆಡುವ ತವಕವನ್ನು ಎಲ್ಲಕ್ಕಿಂತ ಹೆಚ್ಚಿಸಿದ್ದೂ ಅದೇ. ಆ ಆಟದಲ್ಲಿ ಜಾಣತನಕ್ಕೆ ಜಾಗವಿದೆ, ಆದರೆ ಮೇಲಿನಿಂದ ಯಾವ ಮಿಠಾಯಿ ಬೀಳುತ್ತದೆಂಬುದು ಆಟಗಾರನ ಕೈಯಲ್ಲಿಲ್ಲ. ಸೋತ ಆ ಗಳಿಗೆಯಲ್ಲೇ ದುಡ್ಡು ಕೊಟ್ಟರೆ ಇನ್ನೈದು ನಡೆ ಸಿಗುತ್ತದೆ ಎಂಬ ಗುಂಡಿ ಕಾಣಿಸುತ್ತದೆ. ಆ ಗುಂಡಿಯನ್ನು ಅಲ್ಲಿಟ್ಟದ್ದು ಯಾವ ಲೆಕ್ಕದಿಂದ ಎಂದು ಕ್ಲಾರ್ಕ್ ಅವರ ಪ್ರಯೋಗ ಓದಿದವರಿಗೆ ಹೇಳಬೇಕಿಲ್ಲ. ಹಣ ಕೊಟ್ಟು ಕೊಂಡು ಒಳಗೇನಿದೆ ಎಂದು ಆಮೇಲೆ ತೆರೆದು ನೋಡುವ ಲೂಟ್ ಬಾಕ್ಸ್‌ಗಳಂತೂ ಜೂಜಿನ ಕಡೆಗೇ ಸೇರುತ್ತವೆ. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಹಾಗೆಂದೇ ತೀರ್ಮಾನಿಸಿತು.

ಗೆರೆ ಏರುತ್ತದೆಯೇ?

ಎಲ್ಲ ಆಟಗಳ ಎಲ್ಲ ಸೆಳೆತವನ್ನೂ ಇದೊಂದರಿಂದ ವಿವರಿಸಬಹುದೆಂದು ನಾನು ಹೇಳುತ್ತಿಲ್ಲ. ತೋಟ ಮಾಡಿಕೊಂಡು, ನೆರೆಹೊರೆಯವರ ಜೊತೆ ಹರಟುತ್ತ ಕಾಲ ಕಳೆಯುವ ಅನಿಮಲ್ ಕ್ರಾಸಿಂಗ್‌ನಂಥ ಆಟದಲ್ಲಿ ಸೋಲೇ ಇಲ್ಲ. ರಯಾನ್ ಮತ್ತು ಸಂಗಡಿಗರು 2006ರಲ್ಲೇ ತೋರಿಸಿದಂತೆ ಸಾಮರ್ಥ್ಯದ ಅನುಭವದ ಜೊತೆಗೆ ಸ್ವಾತಂತ್ರ್ಯ ಮತ್ತು ಒಡನಾಟವೂ ಆಟಗಾರರನ್ನು ಕರೆಯುತ್ತವೆ. ಇಲ್ಲಿ ಎತ್ತಿಕೊಂಡದ್ದು ಸೋತ ಮೇಲೂ ಬರುವ ಕರೆಯನ್ನು ಮಾತ್ರ. ಆ ಕರೆ ಅಸಲಿಯೋ ನಕಲಿಯೋ ಎಂದು ತಿಳಿಯಲು ಒಂದು ಅಳತೆ ಸಾಧ್ಯವಿದೆ, ಮತ್ತು ಅದನ್ನು ಒಂದು ಆಟದ ಮಟ್ಟಿಗೆ ಯಾರೋ ಆಗಲೇ ಮಾಡಿ ತೋರಿಸಿದ್ದಾರೆ. ಶೆಫೀಲ್ಡ್ ವಿಶ್ವವಿದ್ಯಾಲಯದ ಟಾಮ್ ಸ್ಟಾಫರ್ಡ್ ಅವರು ಮೈಕ್ ಡ್ಯೂವರ್ ಜೊತೆಗೂಡಿ ಆ್ಯಕ್ಸನ್ ಎಂಬ ಆಟದ 8,54,064 ಆಟಗಾರರ ದಾಖಲೆ ತೆಗೆದು, ಪ್ರಯತ್ನದಿಂದ ಪ್ರಯತ್ನಕ್ಕೆ ಅಂಕ ಹೇಗೆ ಬದಲಾಗುತ್ತದೆಂದು ಗೆರೆ ಎಳೆದರು. ಗೆರೆ ಏರುತ್ತಿತ್ತು. ಬಿಡುವು ಕೊಟ್ಟು ಆಡಿದವರು ಅಷ್ಟೇ ಸಲ ಆಡಿ ಮುಂದೆ ಹೋದರು. ಮೊದಮೊದಲು ಅಂಕಗಳು ಏರುಪೇರಾಗಿದ್ದವರು, ಅಂದರೆ ಆರಂಭದಲ್ಲೇ ಧೈರ್ಯವಾಗಿ ಎಡವಿದವರು, ಕೊನೆಗೆ ಹೆಚ್ಚು ಎತ್ತರ ಮುಟ್ಟಿದರು.

ಜೂಜಿನ ಯಂತ್ರದ ದಾಖಲೆಗೆ ಇದೇ ಗೆರೆ ಎಳೆದರೆ ಲಕ್ಷ ಸಲ ಎಳೆದ ಮೇಲೂ ಅದು ನೆಲ ಬಿಟ್ಟೇಳುವುದಿಲ್ಲ. ಮಕ್ಕಳ ಕೈಯಲ್ಲಿರುವ ಒಂದೊಂದು ಆಟದ ಗೆರೆಯೂ ಈ ಎರಡರ ನಡುವೆ ಎಲ್ಲೋ ಇರಬೇಕು. ಎಷ್ಟು ಗಂಟೆ ಆಡಿದರು ಎಂಬ ಲೆಕ್ಕ ಈ ಭೇದವನ್ನು ತೋರಿಸದು. ಆಕ್ಸ್‌ಫರ್ಡ್‌ನ ತಂಡ 7 ಆಟಗಳ 38,935 ಆಟಗಾರರನ್ನು ಗಮನಿಸಿ 2022ರಲ್ಲಿ ವರದಿ ಮಾಡಿದಾಗ, ಆಡಿದ ಹೊತ್ತಿಗೂ ಮನಸ್ಸಿನ ನೆಮ್ಮದಿಗೂ ಹೇಳಿಕೊಳ್ಳುವಂಥ ಕಾರ್ಯಕಾರಣ ಸಂಬಂಧ ಸಿಗಲಿಲ್ಲ. ಆಡಬೇಕೆನಿಸಿ ಆಡಿದರೋ, ಆಡದಿರಲಾಗದೆ ಆಡಿದರೋ ಎಂಬುದಕ್ಕೆ ಮಾತ್ರ ನೆಮ್ಮದಿಯೊಂದಿಗೆ ನಂಟು ಕಂಡಿತು. ಆ ಅಧ್ಯಯನ ಸಾಧ್ಯವಾದದ್ದು 7 ಕಂಪನಿಗಳು ತಮ್ಮ ಸರ್ವರ್‌ಗಳಲ್ಲಿದ್ದ ಆಟದ ಹೊತ್ತಿನ ದಾಖಲೆಯನ್ನು ಹಂಚಿಕೊಂಡದ್ದರಿಂದ. ಪ್ರತಿ ಆಟಗಾರನ ಪ್ರತಿ ಸೋಲು, ಅದು ಎಷ್ಟು ಅಂತರದ್ದು, ಆ ನಂತರ ಬೆರಳು ಮರುಆಟದ ಗುಂಡಿಗೆ ಹೋಯಿತೋ ಹಣದ ಗುಂಡಿಗೋ ಎಂಬುದನ್ನು ಬರೆದಿಟ್ಟುಕೊಳ್ಳುವುದು ಇವತ್ತಿನ ಆಟಗಳಿಗೆ ಕಷ್ಟವಲ್ಲ. ಅದನ್ನು ಹೊರಗಿನ ಸಂಶೋಧಕರಿಗೂ ತೆರೆದಿಟ್ಟರೆ ಪ್ರತಿಯೊಂದು ಆಟದ ಗೆರೆಯನ್ನೂ ಎಳೆದು ನೋಡಬಹುದು.